ಈ ಸಲ ತವರೇ ನಮ್ಮ ಮನೆಗೆ ಬಂತು

ನಮ್ಮ ಕಡೆ ಚೊಚ್ಚಲ ಹೆರಿಗೆ ಅಂದರೆ ಅದು ತವರುಮನೆಯದೇ. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ, ಉಡಿ ತುಂಬಿ, ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಹೆರಿಗೆ, ಬಾಣಂತನ, ತೊಟ್ಟಿಲು ಎಲ್ಲ ಅಲ್ಲೇ. ಗಂಡ ಆಗಾಗ ಹೋಗಿ ನೋಡಿಕೊಂಡು ಬರುತ್ತಾನೆ. ನನ್ನ ಇಬ್ಬರು ಅಕ್ಕಂದಿರದೂ ಹೀಗೇ ಆಯಿತು. ನನಗೀಗ ಮೂವತ್ತಾರು ವಾರ. ಆದರೆ ನಾನು ಇನ್ನೂ ಬಾಗಲಕೋಟೆಯ ನವನಗರದ ನಮ್ಮ ಬಾಡಿಗೆ ಮನೆಯಲ್ಲೇ ಇದ್ದೇನೆ. ಅವ್ವನೇ ಹುನಗುಂದ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಇಲ್ಲಿಗೆ ಬಂದಿದ್ದಾಳೆ. ಇದು ಯಾಕಾಯಿತು, ನಾನು, ನಮ್ಮವರು ಇಬ್ಬರೂ ಏನೇನು ಮಾಡಿದೆವು ಅಂತ ಬರೆಯುತ್ತಿದ್ದೇನೆ. ಮೊದಲ ಮಗುವಿನ ದಾರಿ ನೋಡುತ್ತಿರುವ ಬೇರೆ ಜೋಡಿಗಳಿಗೆ ಉಪಯೋಗ ಆಗಲಿ ಅನ್ನೋದು ನನ್ನ ಆಸೆ.

ಎಲ್ಲಕ್ಕೂ ಮೂಲ ಒಂದು ರಕ್ತಪರೀಕ್ಷೆ. ಡಿಸೆಂಬರ್‌ನಲ್ಲಿ ಬಸಿರು ಖಾತ್ರಿಯಾದ ಮೇಲೆ ನಮ್ಮ ಓಣಿಯ ಆಶಾ ಕಾರ್ಯಕರ್ತೆಯೇ ಜೊತೆಗೆ ಬಂದು ತಾಯಿ ಕಾರ್ಡ್ ಮಾಡಿಸಿಕೊಟ್ಟರು. ಅದಕ್ಕೆ ಅಂತ ಮಾಡಿದ ಪರೀಕ್ಷೆಯಲ್ಲಿ ಎರಡು ವಿಷಯ ಗೊತ್ತಾದವು. ನನ್ನ ಹಿಮೋಗ್ಲೋಬಿನ್ 9.6. ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ಇನ್ನೊಂದು, ನನ್ನ ರಕ್ತದ ಗುಂಪು ಬಿ ನೆಗೆಟಿವ್. ನಮ್ಮವರದು ಓ ಪಾಸಿಟಿವ್.

ಮನೆಯಲ್ಲಿ 'ನೆಗೆಟಿವ್' ಅಂದ ಕೂಡಲೇ ಎಲ್ಲರ ಮುಖ ಸಣ್ಣದಾಯಿತು. ಫೋನಿನಲ್ಲಿ ಅವ್ವ ಅಳೋದಕ್ಕೇ ಶುರು ಮಾಡಿದಳು. ಅದು ರೋಗ ಅಲ್ಲ ಅಂತ ತಿಳಿಸಿ ಹೇಳೋದೇ ಒಂದು ಕೆಲಸವಾಯಿತು. ಡಾಕ್ಟರ್ ನಮಗೆ ಹೇಳಿದ್ದು ಇಷ್ಟು. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಿರಬಹುದು. ಹೆರಿಗೆ ಹೊತ್ತಿನಲ್ಲಿ ಮಗುವಿನ ರಕ್ತ ಒಂದಿಷ್ಟು ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ಮೈ ಅದನ್ನು ಹೊರಗಿನದು ಅಂತ ತಿಳಿದು, ಅದರ ವಿರುದ್ಧ ಹೋರಾಡುವ ಪ್ರತಿಕಾಯ ತಯಾರು ಮಾಡಿಕೊಳ್ಳುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗೋದಿಲ್ಲ. ತೊಂದರೆ ಬರೋದು ಮುಂದಿನ ಬಸಿರಿನ ಮಗುವಿಗೆ. ಅದನ್ನು ತಡೆಯೋದಕ್ಕೆ ಆ್ಯಂಟಿ-ಡಿ ಅನ್ನೋ ಇಂಜೆಕ್ಷನ್ ಇದೆ. 28ನೇ ವಾರಕ್ಕೆ ಒಂದು. ಹುಟ್ಟಿದ ಮಗು ಪಾಸಿಟಿವ್ ಇದ್ದರೆ 72 ಗಂಟೆಯೊಳಗೆ ಇನ್ನೊಂದು. ನಡುವೆ ರಕ್ತಸ್ರಾವ ಆದರೂ, ಹೊಟ್ಟೆಗೆ ಪೆಟ್ಟು ಬಿದ್ದರೂ ತಡಮಾಡದೆ ಬರಬೇಕು ಅಂದರು. ಮದುವೆಯಾದ ಹೆಣ್ಣುಮಕ್ಕಳೆಲ್ಲ ಬಸಿರಾಗುವ ಮುಂಚೆಯೇ ತಮ್ಮ ರಕ್ತದ ಗುಂಪು ತಿಳಿದುಕೊಂಡಿರಬೇಕು. ಇದನ್ನು ನಾನು ಕಲಿಸುವ ಶಾಲೆಯ ಅಕ್ಕೋರಿಗೆಲ್ಲ ಹೇಳುತ್ತಲೇ ಇದ್ದೇನೆ.

ಅವತ್ತು ರಾತ್ರಿ ನಮ್ಮವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಹೊಸ ಫೈಲ್ ತಂದು ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದರು. 'ಇನ್ ಮ್ಯಾಲ ಎಲ್ಲಾ ತಪಾಸಣಿಗೂ ನಾನೂ ಬರ್ತೀನಿ' ಅಂದರು. ಅವರು ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತಾರೆ. ರಜೆ ಸುಲಭವಾಗಿ ಸಿಗುವುದಿಲ್ಲ. ಆದರೂ ಬಂದರು. ಡಾಕ್ಟರ್ ಮುಂದೆ ಕೂತಾಗ ನನಗೆ ಅರ್ಧ ಮಾತು ಕಿವಿಗೇ ಬೀಳುವುದಿಲ್ಲ. ಹೊರಗೆ ಬಂದ ಮೇಲೆ ಅವರು 'ಹಿಂಗಂದ್ರು, ಹಂಗಂದ್ರು' ಅಂತ ಹೇಳುವಾಗ ಎಲ್ಲ ತಲೆಗೆ ಹೋಗುತ್ತದೆ. ಹೆಂಡತಿಯ ತಪಾಸಣೆಗೆ ಗಂಡ ಒಳಗೆ ಬರಬೇಕು. ಹೊರಗೆ ಬೈಕಿನ ಮೇಲೆ ಕೂತು ಕಾಯುವುದಲ್ಲ.

ಮೊದಲ ಮೂರು ತಿಂಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ವಾಂತಿ, ಸಂಕಟ, ಬಳ್ಳೊಳ್ಳಿ ಒಗ್ಗರಣೆ ವಾಸನೆ ಬಂದರೆ ಹೊರಗೋಡುವುದು, ಎಲ್ಲರಿಗೂ ಆಗುವಂಥದ್ದೇ. ಎಳ್ಳ ಅಮಾವಾಸ್ಯೆಗೆ ತವರಿನ ಹೊಲದಲ್ಲಿ ಚರಗ ಚೆಲ್ಲಲು ಹೋದಾಗ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಎಲ್ಲ ಮುಂದಿದ್ದರೂ ನಾನು ತಿಂದದ್ದು ಮಜ್ಜಿಗೆ ಅನ್ನ ಮಾತ್ರ.

ನಾಲ್ಕನೇ ತಿಂಗಳಿಂದ ರಕ್ತ ಏರಿಸುವ ಕೆಲಸ ಶುರುವಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಎಲ್ಲ ಗರ್ಭಿಣಿಯರಿಗೂ ದಿನಕ್ಕೊಂದು. ನನಗೆ ರಕ್ತ ಕಡಿಮೆ ಅಂತ ಎರಡು. ಗುಳಿಗೆ ನುಂಗಿದರೆ ಸಾಕು ಅಂತ ಸುಮಾರು ಜನ ತಿಳಿದಿದ್ದಾರೆ. ಯಾವಾಗ ನುಂಗುತ್ತೇವೆ, ಅದರ ಹಿಂದೆ ಮುಂದೆ ಏನು ಕುಡಿಯುತ್ತೇವೆ ಅನ್ನೋದೂ ಅಷ್ಟೇ ಮುಖ್ಯ. ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಗುಳಿಗೆ, ಹಾಲು ಜೊತೆಗಿದ್ದರೂ ಹಾಗೇ. ನಮ್ಮ ಮನೆಯಲ್ಲಿ ಊಟವಾದ ಕೂಡಲೇ ಚಹಾ ಬೇಕೇ ಬೇಕು. ಆ ಚಹಾ ನಿಂತಿತು. ನಮ್ಮವರೂ ನನ್ನ ಜೊತೆಗೇ ಬಿಟ್ಟರು. ಕಬ್ಬಿಣದ ಗುಳಿಗೆ ಬೆಳಿಗ್ಗೆ ನಾಷ್ಟಾ ಆದ ಒಂದು ತಾಸಿಗೆ ಲಿಂಬೆ ನೀರಿನ ಜೊತೆ, ಮತ್ತೆ ರಾತ್ರಿ ಮಲಗುವ ಹೊತ್ತಿಗೆ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೊಂದು, ಸಂಜೆಗೊಂದು. ಎರಡರ ನಡುವೆ ಕಡಿಮೆ ಅಂದರೂ ಎರಡು ತಾಸು ಬಿಡುತ್ತಿದ್ದೆ. ಮಲ ಕಪ್ಪಗಾಗುತ್ತದೆ, ಹೊಟ್ಟೆ ಕಟ್ಟುತ್ತದೆ. ಅದಕ್ಕೆ ಹೆದರಿ ಗುಳಿಗೆ ಬಿಡುವವರೇ ಜಾಸ್ತಿ. ಬಿಡಬೇಡಿ. ನೀರು, ಪಲ್ಯ ಜಾಸ್ತಿ ಮಾಡಿ. ಅಷ್ಟಾದರೂ ತಡೆಯಲಾಗದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ಗುಳಿಗೆ ಕೊಡುತ್ತಾರೆ.

ಊಟಕ್ಕೆ ನಾವು ಹೊಸದೇನೂ ತರಲಿಲ್ಲ. ನಮ್ಮ ನಾಡಿನ ಊಟವೇ ಚೆನ್ನಾಗಿದೆ. ಸಜ್ಜಿ ರೊಟ್ಟಿ, ರಾಜಗಿರಿ ಪಲ್ಯ, ಮೆಂತೆ ಪಲ್ಯ, ಮೊಳಕೆ ಬಂದ ಮಡಕಿ ಕಾಳು, ಗುರೆಳ್ಳು ಹಿಂಡಿ, ಮೇಲೆ ಲಿಂಬೆಹಣ್ಣು. ರೊಟ್ಟಿ ಬಡಿಯಲು ನನಗೆ ಬೆನ್ನುನೋವು ಶುರುವಾದಾಗ ಹತ್ತಿರದಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕನ ಹತ್ತಿರ ದಿನಾ ಬಿಸಿ ರೊಟ್ಟಿ ಹಚ್ಚಿದೆವು. ಪಲ್ಯ ನಮ್ಮವರು ಮಾಡುತ್ತಿದ್ದರು. 28ನೇ ವಾರಕ್ಕೆ ಹಿಮೋಗ್ಲೋಬಿನ್ 10.8 ಆಯಿತು. ಈಗ 11.2. ಆ ಚೀಟಿ ನೋಡಿದಾಗ ಆದ ಸಂತೋಷವನ್ನು ಹೇಳೋದಕ್ಕೆ ಬರುವುದಿಲ್ಲ.

ಐದನೇ ತಿಂಗಳ ಸ್ಕ್ಯಾನಿಂಗ್, ಅಂದರೆ 18ರಿಂದ 20ನೇ ವಾರದೊಳಗೆ ಮಗುವಿನ ಅಂಗಾಂಗ ನೋಡುವಂಥದ್ದು, ಚೆನ್ನಾಗಿಯೇ ಆಯಿತು. ಬೆನ್ನುಹುರಿ, ಹೃದಯದ ನಾಲ್ಕು ಕೋಣೆ, ಒಂದೊಂದೇ ತೋರಿಸಿದರು. ಹೊರಗೆ ಬಂದಾಗ ದೂರದ ಸಂಬಂಧಿಯೊಬ್ಬರು ಫೋನ್ ಮಾಡಿ 'ಏನಂತ?' ಅಂದರು. ಅವರು ಕೇಳಿದ್ದು ಗಂಡೋ ಹೆಣ್ಣೋ ಅಂತ. ನಮ್ಮವರು ಫೋನ್ ಇಸಿದುಕೊಂಡು, 'ಕೂಸು ಆರಾಮ ಐತ್ರಿ, ಅದಕ್ಕಿಂತ ಜಾಸ್ತಿ ನಾವು ಕೇಳಿಲ್ಲ, ನೀವೂ ಕೇಳಬ್ಯಾಡ್ರಿ' ಅಂದರು. 1994ರ ಕಾಯ್ದೆ ಪ್ರಕಾರ ಹೇಳಿದ ಡಾಕ್ಟರಿಗೂ ಶಿಕ್ಷೆ, ಪತ್ತೆ ಮಾಡಿಸಲು ಹೋದ ಮನೆಯವರಿಗೂ ಶಿಕ್ಷೆ. ಆದರೆ ನಾವು ಕೇಳದೆ ಇದ್ದದ್ದು ಕಾಯ್ದೆಗೆ ಹೆದರಿ ಅಲ್ಲ. ನಾನು ದಿನಾ ಶಾಲೆಯಲ್ಲಿ ನೋಡುವ ಹೆಣ್ಣುಮಕ್ಕಳ ಮುಖ ನೋಡಿದರೆ ಆ ಪ್ರಶ್ನೆಯೇ ಬಾಯಿಗೆ ಬರುವುದಿಲ್ಲ.

ಮೇ ತಿಂಗಳಲ್ಲಿ ಆ್ಯಂಟಿ-ಡಿ ಹೊತ್ತು ಬಂತು. ಮೊದಲು ಪ್ರತಿಕಾಯ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಕೂಂಬ್ಸ್ ಪರೀಕ್ಷೆ ಮಾಡಿಸಿದರು. ಇಂಜೆಕ್ಷನ್ ಹೊರಗಿನ ಔಷಧಿ ಅಂಗಡಿಯಿಂದ ತರಬೇಕಿತ್ತು. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಬಾಗಲಕೋಟೆಯ ಮೇ ಬಿಸಿಲು ಗೊತ್ತಲ್ವಾ? ಒಬ್ಬ ಅಂಗಡಿಯವರು ಸುಮ್ನೆ ಕ್ಯಾರಿಬ್ಯಾಗಿನಲ್ಲಿ ಹಾಕಿ ಕೊಡಲು ಹೊರಟರು. ನಮ್ಮವರು ಬೇಡ ಅಂತ ವಾಪಸ್ ಕೊಟ್ಟು ಬೇರೆ ಕಡೆ ಹೋದರು. ಮನೆಯಿಂದ ಥರ್ಮಾಕೋಲ್ ಡಬ್ಬಿ, ಐಸ್ ಪ್ಯಾಕ್ ಒಯ್ದಿದ್ದರು. ಬಾಟಲಿ ನೇರ ಐಸಿಗೆ ತಾಕಿದರೆ ಹೆಪ್ಪುಗಟ್ಟಿ ಕೆಡುತ್ತದೆ ಅಂತ ನಡುವೆ ದಪ್ಪ ಬಟ್ಟೆ ಸುತ್ತಿ, ಆ ಡಬ್ಬಿಯನ್ನು ಎದೆಗವಚಿಕೊಂಡು ಆಟೋದಲ್ಲಿ ನೇರ ಆಸ್ಪತ್ರೆಗೆ ಬಂದರು. ನರ್ಸ್ ಡಬ್ಬಿ ಬಿಚ್ಚಿ, ಕೈಯಲ್ಲಿ ಹಿಡಿದು ನೋಡಿ, 'ತಣ್ಣಗ ಐತ್ರಿ' ಅಂದಾಗಲೇ ಅವರು ಕುರ್ಚಿಯ ಮೇಲೆ ಕೂತಿದ್ದು.

ಇನ್ನು ತವರಿನ ಮಾತು. ನೆಗೆಟಿವ್ ರಕ್ತದವರಿಗೆ ನೆಗೆಟಿವ್ ರಕ್ತವೇ ಬೇಕು. ಅದು ಸಿಗುವುದು ಕಷ್ಟ. ಜೊತೆಗೆ ನನಗೆ ಮೊದಲೇ ರಕ್ತ ಕಡಿಮೆ. ನಮ್ಮ ಹಳ್ಳಿಯಿಂದ ಮಳೆಗಾಲದ ರಾತ್ರಿ ಬಾಗಲಕೋಟೆಗೆ ಬರಬೇಕೆಂದರೆ ಗಾಡಿ ಸಿಕ್ಕ ಮೇಲೂ ಒಂದೂವರೆ ತಾಸು. ಹೆರಿಗೆ ಬಾಗಲಕೋಟೆಯಲ್ಲೇ ಆಗಲಿ ಅಂತ ನಾವಿಬ್ಬರೂ ಕೂತು ತೀರ್ಮಾನ ಮಾಡಿದೆವು. ಆಮೇಲೆ ಇಬ್ಬರೂ ಒಟ್ಟಿಗೇ ಊರಿಗೆ ಹೋದೆವು.

ಅಪ್ಪನಿಗೆ ನೋವಾಯಿತು. 'ಚೊಚ್ಚಲ ಹೆರಿಗಿ ತವರಾಗ ಮಾಡ್ಲಿಲ್ಲಂದ್ರ ಮಂದಿ ಏನಂದಾರು? ಮಗಳ ಬಾಣಂತನ ಮಾಡೂ ತಾಕತ್ತ ಇಲ್ಲೇನ ಅಂತಾರ' ಅಂದ. ನಮ್ಮವರು ದನಿ ಏರಿಸಲಿಲ್ಲ. 'ಮಾವಾರ, ರಾತ್ರಿ ಹೊತ್ತು ರಕ್ತ ಬೇಕಾದ್ರ ಇಲ್ಲಿ ಎಲ್ಲಿಂದ ತರೂದ್ರಿ? ಅಲ್ಲಿ ದವಾಖಾನಿ ಮನಿಯಿಂದ ಹತ್ತು ನಿಮಿಷ. ಅತ್ತಿಯಾರನ್ನ ನಮ್ಮ ಜೋಡಿ ಕಳಸ್ರಿ. ಒಂದೂವರಿ ತಿಂಗಳದ ಲಸಿಕಿ ಆದ ಮ್ಯಾಲ ತಾಯಿ, ಕೂಸು ಇಬ್ಬರನ್ನೂ ನೀವ ಬಂದು ಕರಕೊಂಡು ಬರ್ರಿ. ತೊಟ್ಲಾ ಇಲ್ಲೇ ಕಟ್ಟೂಣು' ಅಂದರು. ಅಪ್ಪ ಕೂಡಲೇ ಹೂಂ ಅನ್ನಲಿಲ್ಲ. ಮುಧೋಳದಲ್ಲಿರುವ ನಮ್ಮತ್ತೆ ಫೋನ್ ಮಾಡಿ, 'ಅಣ್ಣಾರ, ಬೀಗತಿ ಬಂದು ಇರ್ಲಿ, ನಾನೂ ಹೋಗಿ ಬಂದು ಮಾಡ್ತೀನಿ. ನಿಮ್ಮ ಮಗಳ ಜೀವಕ್ಕಿಂತ ಮಂದಿ ಮಾತು ದೊಡ್ಡದಲ್ಲ' ಅಂದ ಮೇಲೆ ಒಪ್ಪಿದ. ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದಕ್ಕೆ ಅವ್ವನಿಗೂ ಸಂಕೋಚ ಇತ್ತು. ಎಮ್ಮೆ ಯಾರು ನೋಡಬೇಕು ಅನ್ನೋದು ಅದಕ್ಕಿಂತ ದೊಡ್ಡ ಚಿಂತೆ. ಅಣ್ಣ, ಅತ್ತಿಗೆ ನಾವಿದ್ದೀವಿ ಅಂದರು.

ಕುಬಸ ಜ್ಯೇಷ್ಠದಲ್ಲಿ ಊರಲ್ಲೇ ಆಯಿತು. ಅದನ್ನು ಬಿಟ್ಟುಕೊಡಲು ನನಗೂ ಮನಸ್ಸಿರಲಿಲ್ಲ. ಹಸಿರು ಇಳಕಲ್ ಸೀರೆ, ಗುಳೇದಗುಡ್ಡ ಖಣದ ಕುಬಸ, ಎರಡೂ ಕೈ ತುಂಬ ಹಸಿರು ಬಳೆ. ಓಣಿಯ ಹೆಂಗಸರು ಸೋಬಾನ ಹಾಡಿದರು. ಬಿಸಿಲಿಗೆ ಹೆದರಿ ಬೆಳಿಗ್ಗೆ ಬೇಗ ಮುಗಿಸಿದೆವು. ನನ್ನನ್ನು ಜಾಸ್ತಿ ಹೊತ್ತು ಕೂಡಿಸಲಿಲ್ಲ. ಸಂಜೆಗೆ ಬುತ್ತಿ ಗಂಟಿನ ಜೊತೆ ಅವ್ವನನ್ನೂ ಕರೆದುಕೊಂಡು ನವನಗರಕ್ಕೆ ಬಂದೆವು.

ತಯಾರಿ ಈಗ ಹೀಗಿದೆ. ಬಿ ನೆಗೆಟಿವ್ ಇರುವ ಇಬ್ಬರು ರಕ್ತ ಕೊಡಲು ಒಪ್ಪಿದ್ದಾರೆ, ಒಬ್ಬ ನನ್ನ ಅಣ್ಣ, ಇನ್ನೊಬ್ಬರು ನಮ್ಮವರ ಸಹೋದ್ಯೋಗಿ. ಪಕ್ಕದ ಮನೆಯ ಆಟೋದವರು ಯಾವ ಹೊತ್ತಿಗಾದರೂ ಬರುತ್ತೇನೆ ಅಂದಿದ್ದಾರೆ. ಅವರಿಲ್ಲದಿದ್ದರೆ 108. ಫೈಲಿನ ಮೇಲೆ ನಮ್ಮವರು ಕೆಂಪು ಪೆನ್ನಿನಲ್ಲಿ 'ತಾಯಿ ಬಿ ನೆಗೆಟಿವ್, ಮಗುವಿನ ಗುಂಪು ಕೂಡಲೇ ನೋಡಬೇಕು, 72 ಗಂಟೆ' ಅಂತ ಬರೆದಿದ್ದಾರೆ. ಮನೆಯಲ್ಲೇ ಬಿಪಿ ನೋಡಿ ಬರೆದಿಡುತ್ತಾರೆ. 140/90 ದಾಟಿದರೆ, ಅಥವಾ ತಲೆನೋವು, ಕಣ್ಣು ಮಂಜು, ಮುಖ ಬಾತುಕೊಳ್ಳುವುದು ಏನೇ ಬಂದರೂ ಬೆಳಗಾಗುವುದನ್ನು ಕಾಯುವಂತಿಲ್ಲ. ರಾತ್ರಿ ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಮಗುವಿನ ಒದೆತ ಎಣಿಸುತ್ತೇನೆ. ಎರಡು ತಾಸಿನಲ್ಲಿ ಹತ್ತು ಆಗಬೇಕು. ನಮ್ಮ ಮಗು ಅಷ್ಟು ಹೊತ್ತು ಕಾಯಿಸುವುದಿಲ್ಲ.

ಅವ್ವನ ಜೊತೆ ಒಂದೇ ವಿಷಯಕ್ಕೆ ಜಗ್ಗಾಟ ಆಯಿತು. ಊರಿಂದ ಬರುವಾಗ ಕೂಸಿಗೆ ನೆಕ್ಕಿಸುವ ಘುಟ್ಟಿ ತೇಯುವ ಕಲ್ಲು, ಬಜೆ, ಜಾಯಿಕಾಯಿ, ಔಡಲೆಣ್ಣೆ, ಜೇನುತುಪ್ಪ ಎಲ್ಲ ಕಟ್ಟಿಕೊಂಡು ಬಂದಿದ್ದಳು. 'ನಿಮಗೆಲ್ಲಾ ಹಾಕೇ ಬೆಳಿಸೀನಿ' ಅನ್ನೋದು ಅವಳ ವಾದ. ನಾನು ಹೇಳಿದರೆ ಕೇಳುವುದಿಲ್ಲ ಅಂತ ನರ್ಸಮ್ಮನ ಹತ್ತಿರವೇ ಕರೆದುಕೊಂಡು ಹೋದೆ. ಅವರು ಸಾವಕಾಶ ಹೇಳಿದರು. ಹುಟ್ಟಿದ ಒಂದು ತಾಸಿನೊಳಗೆ ಗಿಣ್ಣು ಹಾಲು ಕುಡಿಸಬೇಕು, ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ, ಒಂದು ವರ್ಷ ಆಗುವವರೆಗೆ ಜೇನುತುಪ್ಪ ನೆಕ್ಕಿಸಲೇಬಾರದು. ಬಾಣಂತಿ ಕೋಣೆಯಲ್ಲಿ ಕೆಂಡದ ಹೊಗೆ ಬೇಡ, ಬಾಣಂತಿಗೆ ಕುಡಿಯುವ ನೀರು ಕಡಿಮೆ ಮಾಡಬಾರದು ಅಂತಲೂ ಅಂದರು. ಅವ್ವ ಎಲ್ಲ ಕೇಳಿಸಿಕೊಂಡು, 'ಹಂಗಾದ್ರ ಎರಿಯೂದು ನಂದ. ಅದಕ್ಕ ಯಾರೂ ಅಡ್ಡ ಬರಬ್ಯಾಡ್ರಿ' ಅಂದಳು. ಹೊಕ್ಕಳು ಬಿದ್ದ ಮೇಲೆ ಎರೆಯಬಹುದು ಅಂತ ನರ್ಸಮ್ಮ ಒಪ್ಪಿಗೆ ಕೊಟ್ಟರು. ಕಲ್ಲು ಈಗ ಅಟ್ಟದ ಮೇಲಿದೆ.

ಸರ್ಕಾರಿ ಶಿಕ್ಷಕಿಯಾದ ನನಗೆ 180 ದಿನ ಹೆರಿಗೆ ರಜೆ ಇದೆ. ಬೇಸಿಗೆ ರಜೆ ಕೈ ಹಿಡಿದಿದ್ದರಿಂದ ಜೂನ್ ಪೂರ್ತಿ ಶಾಲೆಗೆ ಹೋಗಿ, ಈಗ ಜುಲೈನಲ್ಲಿ ರಜೆ ಹಾಕಿದ್ದೇನೆ. ಮಗುವಿನ ಜೊತೆ ಜಾಸ್ತಿ ದಿನ ಸಿಗಲಿ ಅಂತ. ನಮ್ಮವರ ಸಂಘದಲ್ಲಿ ಅಪ್ಪಂದಿರಿಗೆ ಅಂತ ಬೇರೆ ರಜೆ ಇಲ್ಲ. ಹಕ್ಕಿನ ರಜೆಯನ್ನೇ ಕೂಡಿಟ್ಟು, ಹೆರಿಗೆಯಾದ ದಿನದಿಂದ ಹದಿನೈದು ದಿನ ಅಂತ ತಾರೀಖು ಖಾಲಿ ಬಿಟ್ಟು ಅರ್ಜಿ ಬರೆದು ಮ್ಯಾನೇಜರಿಗೆ ತೋರಿಸಿದ್ದಾರೆ. ಆ ಹದಿನೈದು ದಿನ ಹಗಲು ಮಗು ಅವ್ವನ ಕೈಯಲ್ಲಿ, ರಾತ್ರಿ ಬಟ್ಟೆ ಬದಲಿಸುವುದು, ಎತ್ತಿ ತೇಗಿಸುವುದು ಅವರ ಪಾಳಿ. ಅವ್ವ ಮೊದಲು 'ಗಂಡಸರು ಬಾಣಂತಿ ಕ್ವಾಣ್ಯಾಗ ಏನ ಮಾಡ್ತಾರ?' ಅಂದಿದ್ದಳು. ನಿನ್ನೆ ಸಂಜೆ ತನ್ನ ಹಳೇ ಮೆತ್ತನೆ ಸೀರೆ ಹರಿದು ಚೌಕ ಬಟ್ಟೆ ಮಾಡುತ್ತಾ, ಅಳಿಯನನ್ನು ಪಕ್ಕಕ್ಕೆ ಕೂಡಿಸಿಕೊಂಡು ಕೂಸಿಗೆ ಅದನ್ನು ಹೇಗೆ ಕಟ್ಟಬೇಕು ಅಂತ ದಿಂಬಿನ ಮೇಲೆ ತೋರಿಸಿಕೊಡುತ್ತಿದ್ದಳು.