ಹಗ್ಗ ಎಳೆದರೂ ಏಳದ ಬೋಟ್ ಮೋಟಾರು: ಎಲ್ಲಿಂದ ನೋಡಬೇಕು?

ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಾಗಲಿ, ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ದಂಡೆಯಾಗಲಿ, ಬೋಟಿನ ಹಿಂಬದಿಗೆ ಬಿಗಿದ ಹಳೇ ಟೂ-ಸ್ಟ್ರೋಕ್ ಮೋಟಾರು ಹತ್ತು ಸಲ ಎಳೆದರೂ ಏಳದಿದ್ದರೆ ಮೊದಲು ಬಾಯಿಗೆ ಬರುವ ಮಾತು ‘ಎಂಜಿನ್ ಹೋಯ್ತು’. ಹಾಗೆ ನಿಜವಾಗಿ ಹೋಗಿರುವುದು ಅಪರೂಪ. ಪೆಟ್ರೋಲ್ ಬರುತ್ತಿರುವುದಿಲ್ಲ, ಇಲ್ಲವೇ ಕಿಡಿ ಬರುತ್ತಿರುವುದಿಲ್ಲ. ಖರ್ಚಿಲ್ಲದ್ದನ್ನು ಮೊದಲು ನೋಡಿ, ಬಿಚ್ಚುವುದನ್ನು ಕೊನೆಗಿಟ್ಟುಕೊಂಡರೆ ಅರ್ಧ ದಿನದ ಕೆಲಸ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಇಲ್ಲಿರುವುದು 8ರಿಂದ 25 ಅಶ್ವಶಕ್ತಿಯ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ, ಕಾರ್ಬೊರೇಟರ್ ಇರುವ ಮೋಟಾರುಗಳ ವಿಚಾರ.

ಪಾನಾ ಮುಟ್ಟುವ ಮುಂಚೆ

ಮೊದಲು ಎಂಜಿನ್ ಆರಿಸುವ ಸ್ವಿಚ್ಚಿಗೆ ಸಿಕ್ಕಿಸುವ ಕೆಂಪು ದಾರದ ಕ್ಲಿಪ್ ನೋಡಿ. ಅದು ಸ್ವಿಚ್ಚಿನಿಂದ ಕಳಚಿದ್ದರೆ ಎಷ್ಟು ಎಳೆದರೂ ಕಿಡಿ ಬಾರದು. ಗೇರು ನ್ಯೂಟ್ರಲ್‌ನಲ್ಲಿರಲಿ. ಆಮೇಲೆ ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ತಿರುಪನ್ನು ಸಡಿಲಿಸಿ. ಇದನ್ನು ಮರೆತರೆ ಮೋಟಾರು ಏಳುತ್ತದೆ, ಐದು ನಿಮಿಷ ಓಡುತ್ತದೆ, ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ನಿಂತು ನಡುನೀರಿನಲ್ಲಿ ಆರಿಹೋಗುತ್ತದೆ.

ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಹಿಚುಕಿ. ಅದರ ಮೇಲಿನ ಬಾಣ ಎಂಜಿನ್ ಕಡೆಗಿರಬೇಕು. ಏಳೆಂಟು ಸಲ ಹಿಚುಕುವಷ್ಟರಲ್ಲಿ ಅದು ಗಟ್ಟಿಯಾಗಬೇಕು. ಆಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ಹೆಚ್ಚಾಗಿ ಪೈಪ್ ಸಿಕ್ಕಿಸುವ ಕನೆಕ್ಟರಿನೊಳಗಿನ ಓ-ರಿಂಗ್ ಸವೆದಿರುತ್ತದೆ, ಇಲ್ಲವೇ ಬಿಸಿಲಿಗೆ ಪೈಪ್ ಬಿರುಕು ಬಿಟ್ಟಿರುತ್ತದೆ. ವೇಗದಲ್ಲಿ ಹೋಗುವಾಗ ಸುಸ್ತಾಗುವ ಮೋಟಾರು ಬಲ್ಬ್ ಹಿಚುಕಿದ ಕೂಡಲೇ ಚೇತರಿಸಿಕೊಂಡರೆ ಎಂಜಿನ್ ಮೇಲಿನ ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಹರಿದಿರುವ ಸಾಧ್ಯತೆಯೇ ಹೆಚ್ಚು. ಅದರ ಕಿಟ್ ಬೇರೆಯಾಗಿ ಸಿಗುತ್ತದೆ, ಪಂಪ್ ಪೂರ್ತಿ ಬದಲಿಸಬೇಕಿಲ್ಲ.

ಎಣ್ಣೆಯ ಲೆಕ್ಕ

50:1 ಎಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಎಣ್ಣೆ, 5 ಲೀಟರ್ ಕ್ಯಾನಿಗೆ 100 ಮಿಲಿ. ತೀರಾ ಹಳೆಯ ಮಾದರಿಗಳು 25:1 ಕೇಳುತ್ತವೆ, ಅಂದರೆ ಲೀಟರಿಗೆ 40 ಮಿಲಿ. ಯಾವುದು ಎಂಬುದು ಟಾಪ್ ಕವರಿನ ಮೇಲೋ ಟ್ಯಾಂಕಿನ ಮೇಲೋ ಬರೆದಿರುತ್ತದೆ. ‘ಒಂದು ಮುಚ್ಚಳ ಹೆಚ್ಚಿಗೆ ಇರಲಿ’ ಎಂದು ಸುರಿಯುವುದರಿಂದ ಪ್ಲಗ್ ಕಪ್ಪಾಗಿ ಒದ್ದೆಯಾಗುತ್ತದೆ, ಲಾಭವಿಲ್ಲ. ಅಂಗಡಿಯಲ್ಲಿ ಕೇಳಬೇಕಾದ್ದು ‘ಟಿಸಿ-ಡಬ್ಲ್ಯೂ3’ ಎಂದು ಡಬ್ಬಿಯ ಮೇಲಿರುವ ಎಣ್ಣೆ. ಸ್ಕೂಟರಿನ 2ಟಿ ಎಣ್ಣೆ ಗಾಳಿಯಿಂದ ತಣಿಯುವ ಎಂಜಿನ್ನಿನದು. ನೀರಿನಿಂದ ತಣಿಯುವ ಮೋಟಾರಿನಲ್ಲಿ ಅದು ಇದ್ದಿಲು ಕಟ್ಟಿಸುತ್ತದೆ.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಅದು ತೇವ ಹೀರಿಕೊಳ್ಳುತ್ತದೆ, ಹೀರಿದ್ದು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಎರಡು ತಿಂಗಳು ನಿಂತ ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಬಿಡಿ. ಎರಡು ಪದರ ಕಂಡರೆ ಅದನ್ನು ಮೋಟಾರಿಗೆ ಹಾಕಬೇಡಿ.

ಕಿಡಿ ನೋಡುವ ಬಗೆ

ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ನಿನ ಬಣ್ಣವಿಲ್ಲದ ಜಾಗಕ್ಕೆ ತಾಗುವಂತಿಟ್ಟು ಹಗ್ಗ ಎಳೆಯಿರಿ. ನೆರಳಿನಲ್ಲಿ ಮಾಡಿ, ಬಿಸಿಲಲ್ಲಿ ಕಿಡಿ ಕಾಣುವುದಿಲ್ಲ. ಪ್ಲಗ್ ರಂಧ್ರದಿಂದ ಪೆಟ್ರೋಲ್ ಹಬೆ ಬರುತ್ತದೆ, ಆದ್ದರಿಂದ ಕಿಡಿ ಅದರಿಂದ ದೂರವಿರಲಿ. ಎರಡು ಸಿಲಿಂಡರಿದ್ದರೆ ಎರಡೂ ಪ್ಲಗ್‌ಗಳನ್ನು ತಾಗಿಸಿಟ್ಟೇ ಎಳೆಯಬೇಕು. ಒಂದು ಕ್ಯಾಪ್ ಖಾಲಿ ನೇತಾಡುತ್ತಿದ್ದರೆ ಕಿಡಿಗೆ ವಿದ್ಯುತ್ ಕೊಡುವ ಸಿಡಿಐ ಪೆಟ್ಟಿಗೆ ಸುಡಬಹುದು.

ನೀಲಿ ಕಿಡಿ ಟಪ್ ಟಪ್ ಎಂದರೆ ಸರಿ. ಹಳದಿಯಾಗಿ ಸಪ್ಪಗಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಪ್ಲಗ್ಗಿನ ಬಣ್ಣವೂ ಸುದ್ದಿ ಹೇಳುತ್ತದೆ. ತಿಳಿ ಕಂದು ಒಳ್ಳೆಯದು. ಬಿಳಿಚಿಕೊಂಡಿದ್ದರೆ ನಿಲ್ಲಿಸಿ: ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಈ ಎಂಜಿನ್ನಿಗೆ ಎಣ್ಣೆ ಹೋಗುವುದೇ ಪೆಟ್ರೋಲಿನ ಜೊತೆ, ಹಾಗಾಗಿ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಒಣಗಿ ಹಿಡಿದುಕೊಳ್ಳುತ್ತದೆ. ಪ್ಲಗ್ ಕೂರಿಸುವಾಗ ಬೆರಳಿನಿಂದ ಕೊನೆಯವರೆಗೆ ತಿರುಗಿಸಿ, ಹೊಸದಾದರೆ ಪಾನಾದಿಂದ ಅರ್ಧ ಸುತ್ತು ಸಾಕು. ಹೆಡ್ ಅಲ್ಯೂಮಿನಿಯಮ್ಮಿನದು, ಮೊಂಡು ಮಾಡಿದರೆ ರಂಧ್ರದೊಳಗಿನ ತಿರುಪಿನ ಎಳೆ ಹಾಳಾಗುತ್ತದೆ.

ಪೆಟ್ರೋಲೂ ಕಿಡಿಯೂ ಸರಿಯಿದ್ದು, ಚೋಕ್ ಎಳೆದಾಗ ಮಾತ್ರ ಓಡುತ್ತಿದ್ದರೆ ಕಾರ್ಬೊರೇಟರ್ ಜೆಟ್ ಕಟ್ಟಿದೆ. ಕೆಳಗಿನ ಬಟ್ಟಲು ಬಿಚ್ಚಿ, ಜೆಟ್‌ಗಳನ್ನು ಕ್ಲೀನರ್ ಸ್ಪ್ರೇನಲ್ಲಿ ತೊಳೆದು, ಮೀನಿನ ಗಾಳದ ನೈಲಾನ್ ದಾರ ತೂರಿಸಿ. ತಂತಿ ಹಾಕಿದರೆ ತೂತು ದೊಡ್ಡದಾಗುತ್ತದೆ. ಐಡಲ್ ತಿರುಪನ್ನು ತೆಗೆಯುವ ಮುಂಚೆ ಒಳಕ್ಕೆ ಎಷ್ಟು ಸುತ್ತು ಹೋಗುತ್ತದೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ, ಮರಳಿ ಅಷ್ಟಕ್ಕೇ ನಿಲ್ಲಿಸಿ.

ರಾಡಿ ನೀರು ಮತ್ತು ಇಂಪೆಲ್ಲರ್

ನಮ್ಮ ಕಡೆ ಮೋಟಾರುಗಳನ್ನು ಕೊಲ್ಲುವುದು ಹೂಳು. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿತ್ತು, ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿದಿದೆ. ಆ ಮಣ್ಣೇ ಮಳೆಗಾಲದ ನೀರಿನಲ್ಲಿ ಮೋಟಾರನ್ನು ತಣಿಸುವ ನೀರಿನ ಪಂಪಿನೊಳಗೂ ಹಾಯುತ್ತದೆ, ಸಾಣೆ ಹಿಡಿದಂತೆ ನೀರೆತ್ತುವ ರಬ್ಬರ್ ರೆಕ್ಕೆಗಾಲಿಯನ್ನು, ಅಂದರೆ ಇಂಪೆಲ್ಲರನ್ನು ತಿನ್ನುತ್ತದೆ.

ಎಂಜಿನ್ ಎದ್ದ ಕೂಡಲೇ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಬರಬೇಕು. ಬಾರದಿದ್ದರೆ ತಕ್ಷಣ ಆರಿಸಿ, ಆ ತೂತಿಗೆ ನೈಲಾನ್ ದಾರ ತೂರಿಸಿ ನೋಡಿ. ಮೂಲೆಯಲ್ಲಿ ನಿಲ್ಲಿಸಿದ್ದ ಮೋಟಾರಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಅಷ್ಟಾದರೂ ನೀರಿಲ್ಲದಿದ್ದರೆ ಇಂಪೆಲ್ಲರ್ ನೋಡಬೇಕು. ರಾಡಿ ನೀರಿನಲ್ಲಿ ದಿನವೂ ಓಡುವ ಮೋಟಾರಿಗೆ ವರ್ಷಕ್ಕೊಂದು ಹೊಸದು ಹಾಕುವುದು ದುಬಾರಿಯಲ್ಲ.

ಕೆಲಸ ಹೀಗೆ: ಪ್ಲಗ್ ಕ್ಯಾಪ್ ತೆಗೆದಿಡಿ. ಗೇರ್ ರಾಡ್ ಕಳಚಿ, ಕೆಳಗಿನ ಗೇರ್ ಪೆಟ್ಟಿಗೆಯ ಬೋಲ್ಟ್ ಬಿಚ್ಚಿ ನೇರವಾಗಿ ಕೆಳಕ್ಕೆ ಎಳೆಯಿರಿ. ಶಾಫ್ಟಿನ ಮೇಲೆ ಪಂಪಿನ ಮನೆ (ಹೊರಕವಚ) ಕಾಣುತ್ತದೆ. ಅದರ ಬೋಲ್ಟ್ ತೆಗೆದು ಮೇಲಕ್ಕೆತ್ತಿದರೆ ಇಂಪೆಲ್ಲರ್. ಅದನ್ನು ಹಿಡಿದಿರುವ ಸಣ್ಣ ಕೀಲಿ ಜಾರಿ ಬಿದ್ದೀತು, ಕೆಳಗೆ ಬಟ್ಟೆ ಹಾಸಿಕೊಳ್ಳಿ. ರೆಕ್ಕೆಯೊಂದು ಮುರಿದಿದ್ದರೆ ಆ ತುಂಡು ನೀರಿನ ಕೊಳವೆಯಲ್ಲಿದೆ, ಹುಡುಕಿ ತೆಗೆಯಲೇಬೇಕು. ಹೊಸದಕ್ಕೆ ಸೋಪು ನೀರು ಹಚ್ಚಿ, ಶಾಫ್ಟನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಮನೆಯನ್ನು ಒತ್ತಿದರೆ ರೆಕ್ಕೆಗಳು ಸರಿಯಾದ ಕಡೆಗೆ ಬಾಗಿ ಕೂರುತ್ತವೆ. ಒಳಗಿನ ಗೋಡೆಯಲ್ಲಿ ಉಗುರಿಗೆ ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಹೊಸ ಇಂಪೆಲ್ಲರ್ ಒಂದೇ ಸಾಲದು, ಮನೆಯನ್ನೂ ಬದಲಿಸಿ. ನೀರಿಲ್ಲದೆ ‘ಸ್ವಲ್ಪ ಹೊತ್ತು’ ಓಡಿಸಿ ನೋಡುವುದು ಬೇಡ. ದಂಡೆಯ ಮೇಲೆ ಪರೀಕ್ಷಿಸಲು 200 ಲೀಟರ್ ಬ್ಯಾರೆಲ್ ಸಾಕು.

ಫ್ಯಾನಿನ ಹಿಂದಿನ ದಾರ

ಬಲೆಯ ನಡುವೆ ಓಡಾಡುವ ಬೋಟಿನಲ್ಲಿ ತಿಂಗಳಿಗೊಮ್ಮೆ ಫ್ಯಾನ್ (ನೀರು ತಳ್ಳುವ ಪ್ರೊಪೆಲ್ಲರ್) ಬಿಚ್ಚಿ ನೋಡಿ. ಮುಟ್ಟುವ ಮುಂಚೆ ಕ್ಲಿಪ್ ತೆಗೆದಿಡಿ. ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು ಬಿಸಿಗೆ ಕರಗಿ ಬಳೆಯಂತೆ ಗಟ್ಟಿಯಾಗಿರುತ್ತದೆ, ಆಯಿಲ್ ಸೀಲನ್ನು ಕೊಯ್ಯುತ್ತದೆ. ಸೀಲ್ ಹೋಗಿದೆಯೇ ಎಂದು ತಿಳಿಯಲು ರಾತ್ರಿಯಿಡೀ ನೆಟ್ಟಗೆ ನಿಲ್ಲಿಸಿ ಬೆಳಿಗ್ಗೆ ಗೇರ್ ಪೆಟ್ಟಿಗೆಯ ಕೆಳಗಿನ ತಿರುಪನ್ನು ಸಡಿಲಿಸಿ. ಮೊದಲು ನೀರು ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದಂತಿದ್ದರೆ ಸೀಲ್ ಬದಲಿಸಬೇಕು. ಹೊಸ 90 ನಂಬರ್ ಗೇರ್ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ತುಂಬಿ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಎಣ್ಣೆ ಬಂದ ಮೇಲೆ ಮೊದಲು ಮೇಲಿನ ತಿರುಪು, ನಂತರ ಕೆಳಗಿನದು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ.

ಬೋಟ್ ಮಗುಚಿ ಮೋಟಾರು ಮುಳುಗಿದ್ದರೆ ಗಡಿಬಿಡಿ ಇಲ್ಲಿ ಬೇಕು. ಅದೇ ದಿನ ಪ್ಲಗ್ ತೆಗೆದು, ರಂಧ್ರ ಕೆಳಮುಖವಾಗುವಂತೆ ಮಲಗಿಸಿ, ಹಗ್ಗ ನಿಧಾನ ಎಳೆದು ನೀರು ಹೊರಹಾಕಿ. ಹಗ್ಗ ಅಡ್ಡ ಹಿಡಿದರೆ ಜಗ್ಗಬೇಡಿ, ಕನೆಕ್ಟಿಂಗ್ ರಾಡ್ ಬಾಗಿರಬಹುದು. ಕಾರ್ಬೊರೇಟರ್ ಖಾಲಿ ಮಾಡಿ, ಸಿಲಿಂಡರಿಗೆ ಎಣ್ಣೆ ಬಿಟ್ಟು ಓಡಿಸಿ. ಅಂದೇ ಆಗದಿದ್ದರೆ ಮೋಟಾರನ್ನು ತಿಳಿನೀರಿನಲ್ಲೇ ಮುಳುಗಿಸಿಡಿ, ಗಾಳಿಗೆ ಒಣಗಲು ಬಿಟ್ಟರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಮೋಟಾರು ಮನೆಗೆ ಬಂದಾಗ, ಬ್ಯಾರೆಲ್ಲಿನಲ್ಲಿ ಓಡಿಸುತ್ತಲೇ ಪೆಟ್ರೋಲ್ ಪೈಪ್ ಕಳಚಿ, ತಾನಾಗಿ ಆರುವವರೆಗೆ ಬಿಡಿ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಒಂದು ಚಮಚ ಟಿಸಿ-ಡಬ್ಲ್ಯೂ3 ಎಣ್ಣೆ ಬಿಟ್ಟು, ಕ್ಲಿಪ್ ತೆಗೆದು ನಾಲ್ಕು ಸಲ ಹಗ್ಗ ಎಳೆದು ಪ್ಲಗ್ ಹಾಕಿ. ನೆಟ್ಟಗೆ, ನೆರಳಿನಲ್ಲಿ ನಿಲ್ಲಿಸಿ, ನೀರಿನ ತೂತಿಗೆ ಬಟ್ಟೆ ತುರುಕಿ. ಆ ಬಟ್ಟೆಯ ಇನ್ನೊಂದು ತುದಿ ಹಗ್ಗದ ಹಿಡಿಗೆ ಕಟ್ಟಿರಲಿ. ಮಳೆಗಾಲದಲ್ಲಿ ಅದನ್ನು ತೆಗೆಯುವುದು ಮರೆಯುವುದಿಲ್ಲ.