ಹೊಗೆ ಕುಡಿದ ಸುಟ್ಟ ರೋಗಿಯ ಉಸಿರಿನ ದಾರಿ: ಸ್ಟಾಫ್ ನರ್ಸ್‌ಗಳಿಗೆ

ಮುಚ್ಚಿದ ಅಡುಗೆಮನೆಯಲ್ಲಿ ಸಿಲಿಂಡರ್ ಹೊತ್ತಿರಲಿ, ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿಗೆ ಬೆಂಕಿ ಬಿದ್ದಿರಲಿ, ಮೈ ಎಷ್ಟು ಪರ್ಸೆಂಟ್ ಸುಟ್ಟಿದೆ ಎಂದು ಲೆಕ್ಕ ಹಾಕುವ ಮೊದಲು ರೋಗಿಯನ್ನು ಮಾತಾಡಿಸಿ. "ಯಕ್ಕಾ, ನಿಮ್ಮ ಹೆಸರೇನ್ರಿ? ಬೆಂಕಿ ಹತ್ತಿದಾಗ ಬಾಗಲಾ ಹಾಕಿತ್ತೇನ್ರಿ?" ಉತ್ತರದಷ್ಟೇ ದನಿಯನ್ನೂ ಕೇಳಿಸಿಕೊಳ್ಳಿ. "ಬರೋವಾಗ ಛಲೋ ಮಾತಾಡ್ತಿದ್ಳು, ಈಗ ದನಿ ಕುಂತೈತ್ರಿ" ಎಂದು ಮನೆಯವರು ಹೇಳಿದರೆ ಗಂಟಲೊಳಗೆ ಊತ ಏರುತ್ತಿದೆ ಎಂದೇ ತಿಳಿದು ಡಾಕ್ಟರನ್ನು ಕೂಡಲೇ ಕರೆಯಿರಿ. ಟಾರ್ಚ್ ಹಿಡಿದು ನೋಡಿ: ಸುಟ್ಟ ಮೂಗಿನ ಕೂದಲು, ನಾಲಿಗೆ ಮೇಲೆ ಮಸಿ, ಕಪ್ಪು ಕಫ, ನುಂಗಲಾಗದೆ ಸುರಿಯುವ ಜೊಲ್ಲು. ಉಸಿರೆಳೆಯುವಾಗ ಕೀರಲು ಸದ್ದು ಬಂತೆಂದರೆ ದಾರಿ ಆಗಲೇ ಬಹಳ ಕಿರಿದಾಗಿದೆ. ಊತ ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ ಅತಿ ಹೆಚ್ಚಾಗುತ್ತದೆ. ಆದ್ದರಿಂದ ಮೊದಲ ಕೆಲವು ಗಂಟೆ 15 ನಿಮಿಷಕ್ಕೊಮ್ಮೆ ದನಿ, ಉಸಿರಿನ ಸಂಖ್ಯೆ, ಪ್ರಜ್ಞೆ ಮೂರನ್ನೂ ಬರೆದಿಡಿ. ಮಕ್ಕಳ ಶ್ವಾಸನಾಳ ಮೊದಲೇ ಸಣ್ಣದು, ಅಲ್ಲಿ ಇಷ್ಟು ಸಮಯವೂ ಸಿಗದು.

ಪಲ್ಸ್ ಆಕ್ಸಿಮೀಟರ್ 99 ತೋರಿಸಿತೆಂದು ಆಕ್ಸಿಜನ್ ಇಳಿಸಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಅದು ಆಕ್ಸಿಜನ್ ಇರುವಂತೆಯೇ ಓದುತ್ತದೆ. ರಿಸರ್ವಾಯರ್ ಚೀಲವಿರುವ ಮಾಸ್ಕಿನಿಂದ ನಿಮಿಷಕ್ಕೆ 15 ಲೀಟರ್ ಕೊಡಿ. ಮುಖಕ್ಕೆ ಹಾಕುವ ಮುಂಚೆ ಚೀಲ ತುಂಬಿರಬೇಕು, ಉಸಿರೆಳೆದಾಗ ಅದು ಪೂರ್ತಿ ಮುದುಡಬಾರದು. ಬರೀ ಗಾಳಿಯಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಬೇಕು, ಶುದ್ಧ ಆಕ್ಸಿಜನ್ನಿನಲ್ಲಿ ಸುಮಾರು ಒಂದೂಕಾಲು ಗಂಟೆ. ಬೆನ್ನು, ಕುತ್ತಿಗೆಗೆ ಪೆಟ್ಟಿಲ್ಲದಿದ್ದರೆ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಿ.

ನಮ್ಮ ಕಡೆ ದೊಡ್ಡ ಅಪಾಯ ರೆಫರಲ್ ದಾರಿಯಲ್ಲಿ, ಅಂದರೆ ದೊಡ್ಡಾಸ್ಪತ್ರೆಗೆ ಕಳಿಸುವ ದಾರಿಯಲ್ಲಿದೆ. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ 70ರ ಮೇಲೆ, ಹಾನಗಲ್, ಮುಂಡರಗಿಯಿಂದ ಇನ್ನೂ ಹೆಚ್ಚು. ಹೊರಡುವಾಗ ಮಾತಾಡುತ್ತಿದ್ದ ರೋಗಿಯ ಗಂಟಲು ನಡುದಾರಿಯಲ್ಲಿ ಮುಚ್ಚಿಕೊಂಡರೆ, ಓಡುವ ಆಂಬುಲೆನ್ಸಿನಲ್ಲಿ ಊದಿದ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಉಸಿರಿನ ಟ್ಯೂಬ್ ಹಾಕುವುದು ಪರಿಣತರಿಗೂ ಕಷ್ಟ. ದನಿ ಬದಲಾಗಿದ್ದರೆ "ಸರ್, ಟ್ಯೂಬ್ ಹಾಕಿಯೇ ಕಳಿಸೋಣೇನ್ರಿ?" ಎಂದು ಕೇಳುವುದು ನರ್ಸಿನ ಹಕ್ಕು, ಕರ್ತವ್ಯವೂ ಹೌದು. ಸಿಲಿಂಡರ್ ಲೆಕ್ಕವನ್ನೂ ನೀವೇ ನೋಡಿ: ಪೂರ್ತಿ ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್, ಅಂದರೆ 15ರ ವೇಗದಲ್ಲಿ 100 ನಿಮಿಷ. ಅರ್ಧ ತುಂಬಿದ್ದು ಸಾಲದು. ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ಕಫ ಹೀರುವ, ಕೆಲಸ ಮಾಡುತ್ತಿರುವ ಸಕ್ಷನ್ ಯಂತ್ರ, ಒಂದು ಅಳತೆ ಚಿಕ್ಕ ಟ್ಯೂಬ್ ಕೈಗೆ ಸಿಗುವಂತಿರಲಿ.

ಟ್ಯೂಬ್ ಬಿದ್ದ ಮೇಲೆ ಅದನ್ನು ಕಾಯುವುದೇ ದೊಡ್ಡ ಕೆಲಸ. ಒಮ್ಮೆ ಜಾರಿದರೆ ಮತ್ತೆ ಹಾಕಲು ದಾರಿಯೇ ಇರಲಿಕ್ಕಿಲ್ಲ. ಹೊರಗುಳಿದ ಟ್ಯೂಬನ್ನು ಕತ್ತರಿಸಬೇಡಿ: ಮುಖ ಊದಿದಾಗ ಗಿಡ್ಡ ಟ್ಯೂಬ್ ತುಟಿಯೊಳಗೇ ಹುದುಗುತ್ತದೆ. ಅಳತೆಯನ್ನು ತುಟಿಯ ಬಳಿಯಲ್ಲ, ಹಲ್ಲಿನ ಬಳಿ ಓದಿ. ತುಟಿ ಊದುತ್ತದೆ, ಹಲ್ಲು ಅಲ್ಲೇ ಇರುತ್ತದೆ. ಹೆಂಗಸರಲ್ಲಿ ಸಾಮಾನ್ಯವಾಗಿ 21, ಗಂಡಸರಲ್ಲಿ 23 ಸೆಂಟಿಮೀಟರ್. ಸುಟ್ಟ, ರಸ ಒಸರುವ ಚರ್ಮಕ್ಕೆ ಅಂಟುಪಟ್ಟಿ ನಿಲ್ಲುವುದಿಲ್ಲ. ಹತ್ತಿಯ ಲಾಡಿ ಕಟ್ಟಿ, ಒಂದು ಬೆರಳು ತೂರುವಷ್ಟು ಸಡಿಲವಿರಲಿ, ಸುಟ್ಟ ಕಿವಿಯ ಮೇಲೆ ಹಾಯದಿರಲಿ. ಊತ ಏರಿದಾಗ ಅದೇ ಲಾಡಿ ಕೆನ್ನೆ ಕೊಯ್ಯುತ್ತದೆ, ಇಳಿದಾಗ ಜೋಲುತ್ತದೆ. ಅದಕ್ಕೇ ಗಂಟೆಗೊಮ್ಮೆ ಬೆರಳು ಹಾಕಿ ನೋಡಬೇಕು. ಮತ್ತೆ ಕಟ್ಟುವಾಗ ಇಬ್ಬರಿರಲಿ, ಒಬ್ಬರ ಕೈ ಟ್ಯೂಬ್ ಬಿಡದಿರಲಿ. ಕಫ್ (ಟ್ಯೂಬಿನ ಒಳತುದಿಯ ಬಳಿ ಗಾಳಿ ತುಂಬುವ ಬಲೂನು) ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟಿರಲಿ, ಪ್ರತಿ ಶಿಫ್ಟಿನಲ್ಲೂ ಮೀಟರಿನಿಂದಲೇ ಅಳೆಯಿರಿ.

ಸಕ್ಷನ್ ಕ್ಯಾತಿಟರ್ (ಕಫ ಹೀರಲು ಟ್ಯೂಬಿನೊಳಗೆ ತೂರಿಸುವ ಸಣ್ಣ ನಳಿಕೆ) ಟ್ಯೂಬಿನ ಒಳಗಲದ ಅರ್ಧ ಮೀರಬಾರದು. ಒಳಗಲ 8 ಮಿಲಿಮೀಟರ್ ಇರುವ ಟ್ಯೂಬಿಗೆ 12 ಫ್ರೆಂಚ್, ಅಂದರೆ 4 ಮಿಲಿಮೀಟರಿನದು ಸರಿ. ಮೊದಲು ಅರ್ಧದಿಂದ ಒಂದು ನಿಮಿಷ 100 ಪರ್ಸೆಂಟ್ ಆಕ್ಸಿಜನ್, ಹೀರುವ ಒತ್ತಡ 80ರಿಂದ 120 ಮಿಲಿಮೀಟರ್ ಪಾದರಸ, ಒಂದು ಸಲಕ್ಕೆ 15 ಸೆಕೆಂಡಿನೊಳಗೆ. ಮಸಿ, ಸತ್ತ ಪೊರೆ, ಕಫ ಗಟ್ಟಿಯಾಗಿ ಬಿರಡೆಯಂತೆ ಕೂರುತ್ತವೆ, ಆದ್ದರಿಂದ ಗಾಳಿ ಬಿಸಿಯಾಗಿ ತೇವವಾಗಿ ಹೋಗಬೇಕು. ಡಾಕ್ಟರು ಹೆಪಾರಿನ್ ಮತ್ತು ಅಸಿಟೈಲ್‌ಸಿಸ್ಟೀನ್ ನೆಬ್ಯುಲೈಸೇಶನ್ ಬರೆದಿದ್ದರೆ, ಎರಡನೆಯದು ಶ್ವಾಸನಾಳ ಬಿಗಿಸಬಹುದು ಎಂಬುದು ನೆನಪಿರಲಿ, ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಬಗ್ಗೆ ಕೇಳಿಕೊಳ್ಳಿ.

ವೆಂಟಿಲೇಟರ್ ಒತ್ತಡ ದಿಢೀರನೆ ಏರಿ ಸ್ಯಾಚುರೇಶನ್ ಬಿದ್ದರೆ ಅಲಾರಂ ಒತ್ತಿ ಸುಮ್ಮನಾಗಿಸಬೇಡಿ. ಸಹಾಯಕ್ಕೆ ಕೂಗಿ, ವೆಂಟಿಲೇಟರಿನಿಂದ ಬಿಡಿಸಿ ಅಂಬು ಹಾಕಿ, ಹಲ್ಲಿನ ಬಳಿಯ ಅಂಕಿ ನೋಡಿ, ಕ್ಯಾತಿಟರ್ ತೂರಿಸಿ. ಅದು ಸಲೀಸಾಗಿ ಒಳಹೋಗಿ ಎದೆ ಎರಡೂ ಕಡೆ ಏಳದಿದ್ದರೆ, ಎದೆಯ ಸುತ್ತ ಸುಟ್ಟ ಚರ್ಮ ಪಟ್ಟಿಯಂತೆ ಬಿಗಿದಿರಬಹುದು, ಅದನ್ನು ಸರ್ಜನ್ ಕೊಯ್ದು ಬಿಡಿಸಬೇಕು. ಒಂದೇ ಕಡೆ ಏಳದಿದ್ದರೆ ಟ್ಯೂಬ್ ಆಳಕ್ಕೆ ಇಳಿದಿರಬಹುದು, ಇಲ್ಲವೇ ಪುಪ್ಪುಸದ ಹೊರಗೆ ಗಾಳಿ ತುಂಬಿರಬಹುದು.