ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟವರಿಗೆ: ಕೊಲ್ಲಿಯಲ್ಲಿ ಹಾಯಿದೋಣಿ ಹತ್ತುವ ಮುನ್ನ

ರಜೆಗೆಂದು ಬಸವನಗುಡಿಗೆ ಬಂದಾಗಲೆಲ್ಲ, ಸ್ಯಾನ್ ಫ್ರಾನ್ಸಿಸ್ಕೊ ಕಡೆ ಕೆಲಸಕ್ಕೆ ಹೊರಟಿರುವ ಅಕ್ಕಪಕ್ಕದ ಮಕ್ಕಳು ಮಾತನಾಡಿಸಲು ಬರುತ್ತಾರೆ. ಮನೆ ಬಾಡಿಗೆ, ಬೇಳೆಕಾಳು, ಬ್ಯಾಂಕ್ ಖಾತೆ ಎಲ್ಲ ವಿಚಾರಿಸುತ್ತಾರೆ. ನೀರಿನ ವಿಷಯ ಯಾರೂ ಎತ್ತುವುದಿಲ್ಲ. ಆದರೆ ಹೋದ ಮೊದಲ ಬೇಸಿಗೆಯಲ್ಲೇ ಕಚೇರಿಯವರೋ ಕನ್ನಡ ಕೂಟದ ಗೆಳೆಯರೋ ‘ಎರಡು ತಾಸು ಹಾಯಿದೋಣಿಯಲ್ಲಿ ಸುತ್ತಿ ಬರೋಣ’ ಎಂದು ಕರೆಯುವುದುಂಟು. ದಯವಿಟ್ಟು ಹೋಗಿ. ಆದರೆ ಅದನ್ನು ಹಲಸೂರು ಕೆರೆಯ ದೋಣಿವಿಹಾರ ಎಂದುಕೊಂಡು ಹೋಗಬೇಡಿ.

ಬೇಸಿಗೆಯಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಪೆಸಿಫಿಕ್ ಸಾಗರದ ತಣ್ಣನೆಯ ಗಾಳಿ ಗೋಲ್ಡನ್ ಗೇಟ್ ಸೇತುವೆಯ ಕೆಳಗಿನ ಕಿರಿದಾದ ಕಂಡಿಯಿಂದ ಒಳನುಗ್ಗುತ್ತದೆ. ಬೆಳಿಗ್ಗೆ ಸುಮ್ಮನಿದ್ದ ನೀರು ಮಧ್ಯಾಹ್ನ ಮೂರರ ಹೊತ್ತಿಗೆ ಬಿಳಿ ನೊರೆ ಕಾರುತ್ತಿರುತ್ತದೆ. ಗಂಟೆಗೆ 35 ಕಿ.ಮೀ. ವೇಗದ ಗಾಳಿ ಅಲ್ಲಿ ದಿನನಿತ್ಯದ ಸಂಗತಿ. ನಮ್ಮ ಆಷಾಢದ ಗಾಳಿಗೆ ಸಮುದ್ರದ ಮಂಜು ಬೆರೆತರೆ ಹೇಗಿದ್ದೀತೋ ಹಾಗೆ. ಇಳಿತದ ಹೊತ್ತಿನಲ್ಲಿ ನೀರು ಸಾಗರದತ್ತ ಹರಿಯುತ್ತದೆ, ಗಾಳಿ ಅದಕ್ಕೆ ಎದುರಾಗಿ ಬೀಸುತ್ತದೆ. ಆಗ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಹೊರಡುವ ಮುಂಚೆ ದೋಣಿಯವರನ್ನು ಉಬ್ಬರವೋ ಇಳಿತವೋ ಎಂದು ಕೇಳಿಕೊಳ್ಳಿ.

ಮೊದಲ ಸಲಕ್ಕೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಗಾಳಿ ತಗ್ಗಿರುತ್ತದೆ, ಮಂಜೂ ಕಡಿಮೆ. ಆದರೆ ಊರಿನಿಂದ ಅಪ್ಪ ಅಮ್ಮ ಬರುವುದು ಹೆಚ್ಚಾಗಿ ಜೂನ್, ಜುಲೈನಲ್ಲೇ. ಸ್ಯಾನ್ ಹೊಸೆಯಲ್ಲಿ ಮನೆ ಬಿಡುವಾಗ 30 ಡಿಗ್ರಿ ಬಿಸಿಲು. ದೋಣಿಯ ಮೇಲೆ ಅದರ ಅರ್ಧವಷ್ಟೇ. ಅಮ್ಮನಿಗೆ ಸೀರೆ ಬೇಡ, ಸೆರಗು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ. ಚೂಡಿದಾರದ ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಇರಲಿ. ಅಪ್ಪನ ಮಂಕಿ ಕ್ಯಾಪ್ ನೋಡಿ ನಾಚಿಕೊಳ್ಳಬೇಡಿ, ಅಲ್ಲಿ ಅದು ಸರಿಯಾದ ಉಡುಪು. ಕಾಲಿಗೆ ಜಾರದ, ಮೆತ್ತನೆಯ ಅಟ್ಟೆಯ ಬೂಟು.

ನೀರಿಗೆ ಬಿದ್ದರೆ ಮೊದಲ ಶತ್ರು ಆಳವಲ್ಲ, ಚಳಿ. ಬೇಸಿಗೆಯಲ್ಲೂ ನೀರು 15 ಡಿಗ್ರಿಯ ಆಸುಪಾಸು. ಬಿದ್ದೊಡನೆ ಉಸಿರು ಹಿಡಿತ ತಪ್ಪುತ್ತದೆ. ಬೆಂಗಳೂರಿನ ಈಜುಕೊಳದಲ್ಲಿ ಪದಕ ಗೆದ್ದವರೂ ಲೈಫ್ ಜಾಕೆಟ್ ತೊಡಲೇಬೇಕು. 13 ವರ್ಷದೊಳಗಿನ ಮಕ್ಕಳಿಗೆ ಕಾನೂನೇ ಅದನ್ನು ಕಡ್ಡಾಯ ಮಾಡಿದೆ.

ಸೇತುವೆಯ ಕಡೆ ಹೊರಟರೆ ಗಾಳಿ ಎದುರಿನಿಂದ ಬರುತ್ತದೆ. ಗಾಳಿಗೆ ನೇರ ಮುಖ ಮಾಡಿ ಹಾಯಿದೋಣಿ ಸಾಗುವುದಿಲ್ಲವಾದ್ದರಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹೋಗುತ್ತಾರೆ. ಆಗ ದೋಣಿ ಒಂದು ಮಗ್ಗುಲಿಗೆ ಎಷ್ಟು ವಾಲುತ್ತದೆಂದರೆ ಆ ಬದಿಯ ಅಂಚು ನೀರನ್ನು ಸವರುತ್ತದೆ. ಹೊಸಬರ ಎದೆ ಧಸಕ್ಕೆನ್ನುವುದು ಇಲ್ಲೇ. ದೊಡ್ಡ ದೋಣಿಗಳ ತಳದಲ್ಲಿ ಸೀಸ ಅಥವಾ ಕಬ್ಬಿಣದ ಭಾರವಾದ ಕೀಲ್ ಇರುತ್ತದೆ; ದೋಣಿ ವಾಲಿದಷ್ಟೂ ಅದು ಮತ್ತೆ ನೆಟ್ಟಗಾಗುವಂತೆ ಎಳೆಯುತ್ತದೆ. ನಂಬಿ ಕುಳಿತುಕೊಳ್ಳಿ. ದಿಕ್ಕು ಬದಲಿಸುವಾಗ ನಾಯಕ ಕೂಗಿ ಹೇಳುತ್ತಾನೆ. ಹಾಯಿ ಪಟಪಟನೆ ಬಡಿದುಕೊಳ್ಳುತ್ತದೆ, ಅದರ ಕೆಳಗಿನ ಅಡ್ಡಕಂಬ, ಅಂದರೆ ಬೂಮ್, ತಲೆಯ ಮಟ್ಟದಲ್ಲಿ ಈ ಬದಿಯಿಂದ ಆ ಬದಿಗೆ ಬೀಸಿ ಬರುತ್ತದೆ. ಫೋಟೊ ತೆಗೆಯುವ ಹೊತ್ತು ಅದಲ್ಲ. ತಲೆ ತಗ್ಗಿಸಿ.

ಆಲ್ಕಟ್ರಾಜ್ ದ್ವೀಪದ ಸುತ್ತ ಗಾಳಿಯ ಹೊಡೆತ ಜೋರು; ಏಂಜೆಲ್ ದ್ವೀಪದ ಮರೆಗೆ ಹೋದರೆ ಥಟ್ಟನೆ ನಿಲ್ಲುತ್ತದೆ. ಮರಳುವಾಗ ಗಾಳಿ ಬೆನ್ನಿಗಿರುತ್ತದೆ, ಚಳಿಯೂ ತಗ್ಗಿದಂತೆನಿಸುತ್ತದೆ. ಆ ಹೊತ್ತಿಗೆ ನಾಯಕ ಚುಕ್ಕಾಣಿ ಹಿಡಿಯಲು ಕರೆದರೆ ಸಂಕೋಚಪಟ್ಟು ಹಿಂದೆ ಸರಿಯಬೇಡಿ. ಹಾಯಿ ತುಂಬಿದಾಗ ಆ ಹಿಡಿ ಅಂಗೈಯನ್ನು ಒತ್ತುವ ಬಗೆಯನ್ನು ಹಿಡಿದೇ ತಿಳಿಯಬೇಕು. ರುಚಿ ಹತ್ತಿತೋ, ಬರ್ಕ್ಲಿಯಲ್ಲಿ ಸ್ವಯಂಸೇವಕರೇ ನಡೆಸುವ ಕ್ಯಾಲ್ ಸೇಲಿಂಗ್ ಕ್ಲಬ್ ಇದೆ. ಸದಸ್ಯರಾದವರಿಗೆ ಸದಸ್ಯರೇ ಕಲಿಸುತ್ತಾರೆ.

ಊಟ ಹಗುರವಾಗಿರಲಿ. ಬೋಂಡ, ಪೂರಿ ತಿಂದು ಹತ್ತಿದರೆ ಹೊಟ್ಟೆ ತೊಳಸುತ್ತದೆ. ಸ್ವಲ್ಪ ಮೊಸರನ್ನ, ಬಾಯಲ್ಲೊಂದು ಚೂರು ಶುಂಠಿ ಸಾಕು. ವಾಕರಿಕೆ ಬಂದರೆ ಮೊಬೈಲ್ ಬದಿಗಿಟ್ಟು ದೂರದ ದಡ ನೋಡಿ. ದಡ ಸೇರುವಾಗ ದೋಣಿಯನ್ನು ತಡೆಯಲು ಕೈಕಾಲು ಚಾಚಬೇಡಿ: ಟನ್‌ಗಟ್ಟಲೆ ಭಾರ ಅದು. ಹಗ್ಗ ಕಟ್ಟಿ ಮುಗಿಸುವವರೆಗೂ ಕುಳಿತಿದ್ದು, ಹಿರಿಯರನ್ನು ಮೊದಲು ಇಳಿಸಿ.